ಕಾಗದದಲ್ಲಿ ಇಪ್ಪತ್ತು

ಅರುಣನಿಗೆ ಇಪ್ಪತ್ತು ತುಂಬುವುದನ್ನು ಅವನಿಗಿಂತ ಹೆಚ್ಚು ಕಾದವನು ಅವನ ಅಪ್ಪ ಸೋಮ. ಮಿರ್ಜಾನದ ಸೋಮ ಇಪ್ಪತ್ತೈದು ವರ್ಷಗಳಿಂದ ಭಟ್ಕಳದ ರಮಾನಂದ ಒಡೆಯರ ಮೀನಿನ ಲಾರಿ ಓಡಿಸುತ್ತಿದ್ದ. ತೆಂಗಿನಗುಂಡಿಯಲ್ಲಿ ಮೀನು, ಐಸು ತುಂಬಿಕೊಂಡು ಹೊನ್ನಾವರ, ಕುಮಟಾ ದಾಟಿ ಕಾರವಾರದವರೆಗೆ ಹೋಗಿ ಬರುವುದು ಅವನ ಕೆಲಸ. ಸಕ್ಕರೆ ಕಾಯಿಲೆ ಬಂದು ಎಡಗಣ್ಣು ಮಂಜಾಗತೊಡಗಿದ ಮೇಲೆ ಡಾಕ್ಟರು, ಇನ್ನು ಹೆಚ್ಚು ದಿನ ಸ್ಟೇರಿಂಗ್ ಹಿಡಿಯಬೇಡ ಅಂದಿದ್ದರು. ರಮಾನಂದರು ಒಳ್ಳೆಯ ಮನುಷ್ಯ. "ಮಗಂಗೆ ಇಪ್ಪತ್ತು ತುಂಬ್ಲಿ ಸೋಮಾ, ಹೆವಿ ಲೈಸೆನ್ಸ್ ಆಗ್ಲಿ. ನಿನ್ನ ಗಾಡಿ ಬೇರೆಯವ್ರಿಗೆ ಕೊಡೂದಿಲ್ಲ" ಅಂದಿದ್ದರು.

ಕಾರು, ಜೀಪಿಗಾದರೆ ಹದಿನೆಂಟು ಸಾಕು. ಬಾಡಿಗೆಗೆ ಸಾಮಾನು ಸಾಗಿಸುವ ಲಾರಿಗೆ ಇಪ್ಪತ್ತು ಆಗಲೇಬೇಕು, ಅದಕ್ಕೂ ಮೊದಲು ಚಿಕ್ಕ ಗಾಡಿಯ ಲೈಸೆನ್ಸ್ ಸಿಕ್ಕಿ ಒಂದು ವರ್ಷವಾದರೂ ಕಳೆದಿರಬೇಕು. ಅರುಣ ಚಿಕ್ಕ ಗಾಡಿಯದನ್ನು ಎಂದೋ ಮಾಡಿಸಿಟ್ಟಿದ್ದ. ಅವನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಹನ್ನೊಂದು ಆಗಸ್ಟ್ ಎರಡು ಸಾವಿರದ ಮೂರು ಎಂದಿತ್ತು. ಎರಡು ಸಾವಿರದ ಇಪ್ಪತ್ಮೂರರ ಆಗಸ್ಟ್ ಹನ್ನೆರಡಕ್ಕೆ ಅವನು ಹೊನ್ನಾವರದ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದ.

ಅಲ್ಲಿ ಹೆವಿ ಗಾಡಿ ಕಲಿಸುವವರು ಕಾಸೀಮ್ ಮಾಸ್ತರರು. ಮೂವತ್ತು ವರ್ಷ ಬೊಂಬಾಯಿ ದಾರಿಯಲ್ಲಿ ಲಾರಿ ಹೊಡೆದು ಬಂದವರು. ಅವರು ಹೇಳಿದ್ದನ್ನೆಲ್ಲ ಅರುಣ ಸಂಜೆ ಮನೆಗೆ ಬಂದು ಅಪ್ಪ ಅವ್ವಿಗೆ ಒಪ್ಪಿಸುತ್ತಿದ್ದ. ಒಂದು ಸಂಜೆ ಅವನ ಅವ್ವಿ ಹೊನ್ನಿ ಬೆಂಡೆಕಾಯಿ ಹೆಚ್ಚುತ್ತ, ಏನೋ ಮಾತಿಗೆ ಕೇಳಿದಳು.

"ಕಾರಿಗೆ ಹದಿನೆಂಟು ಸಾಕು ಅಂದ್ರೆ, ಲಾರಿಗೆ ಇನ್ನೆರಡು ವರ್ಷ ಎಂತಕ್ಕೆ?"

"ನಾನೂ ಅದೇ ಕೇಳ್ದೆ ಅವ್ವಿ. ಮಾಸ್ತರು ಹೇಳಿದ್ರು, ಹದಿನೆಂಟಕ್ಕೆ ಕೈಕಾಲಿಗೆ ಬೇಕಾದಷ್ಟು ಶಕ್ತಿ ಬಂದಿರ್ತದೆ, ಹೆದ್ರಿಕೆ ಬಂದಿರೂದಿಲ್ಲ. ಹತ್ತು ಟನ್ ಬೆನ್ನಿಗಿಟ್ಕಂಡು ಹೋಗೂವಂವಂಗೆ ಹೆದ್ರಿಕೆ ಇರ್ಬೇಕು. ಆ ಎರಡು ವರ್ಷ ಅದು ಬರೂಕೆ ಅಂತೆ."

ಸೋಮ ನಕ್ಕ. "ಸರಿ ಹೇಳಿದ್ರು ಸಾಯ್ಬರು" ಅಂದ. ಹೊನ್ನಿ ನಗಲಿಲ್ಲ. ಹೆಚ್ಚುತ್ತಿದ್ದ ಬೆಂಡೆಕಾಯಿಯನ್ನು ಹಾಗೇ ಬಿಟ್ಟು ಎದ್ದು ಹಿತ್ತಿಲಿಗೆ ಹೋದಳು.

ಅಂದಿನಿಂದ ಅವಳು ಸರಿಯಾಗಿ ಉಣ್ಣಲಿಲ್ಲ. ಕುಮಟಾ ಪೇಟೆಗೆ ತರಕಾರಿ ಮಾರಲು ಹೋದವಳು ಹೆದ್ದಾರಿ ದಾಟುವಾಗ ಪ್ರತಿ ಲಾರಿಯ ಒಳಗೂ ಇಣುಕಿ ನೋಡುತ್ತಿದ್ದಳು. ಓಡಿಸುವವರ ಮುಖ ನೋಡಿ ವಯಸ್ಸು ಲೆಕ್ಕ ಹಾಕುವುದು ಅವಳಿಗೆ ಚಟವಾಯಿತು. ನವೆಂಬರಿನಲ್ಲಿ ಅಂಚೆಯವನು ಲೈಸೆನ್ಸ್ ಕಾರ್ಡು ತಂದುಕೊಟ್ಟ ದಿನ ಅಕ್ಕಪಕ್ಕದವರೆಲ್ಲ ಬಂದು ನೋಡಿದರು. ಮಿರ್ಜಾನ ಕ್ರಾಸಿನಲ್ಲಿ ಸೈಕಲ್ ರಿಪೇರಿ ಮಾಡುವ ಕುಂಟ ಕುಪ್ಪ ಕೂಡ ಊರುಗೋಲು ಊರಿಕೊಂಡು ಬಂದ. ಒಂದು ಕಾಲದಲ್ಲಿ ಸೋಮನ ಜೊತೆ ಲಾರಿಯಲ್ಲಿ ಕ್ಲೀನರ್ ಆಗಿದ್ದವನು ಅವನು. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, ಅರುಣನ ಬೆನ್ನು ತಟ್ಟಿ, "ನಿಧಾನ ಹೋಗೋ ತಮಾ" ಎಂದಷ್ಟೇ ಹೇಳಿ ಹೋದ.

ಬರುವ ಸೋಮವಾರ ತೆಂಗಿನಗುಂಡಿಯಿಂದ ಮೊದಲ ಲೋಡು, ಸೋಮ ಪಕ್ಕದಲ್ಲಿ ಕೂತು ಬರುವುದು ಎಂದು ರಮಾನಂದರು ಗೊತ್ತುಮಾಡಿದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊನ್ನಿ ಅಪ್ಪ ಮಗ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದಳು. ತಾನು ಕಂಬಕ್ಕೆ ಒರಗಿ ನಿಂತಳು.

"ಅಂವ ನಾಳೆ ಹೋಗೂದು ಬೇಡ" ಅಂದಳು.

"ಎಂತ ಆತು?" ಎಂದ ಸೋಮ.

"ಅಂವಂಗೆ ಇಪ್ಪತ್ತು ಆಗ್ಲಿಲ್ಲ. ಹದಿನೆಂಟು. ಮೊನ್ನೆ ಆಷಾಢದ ಮಳೆಗೆ ಹದಿನೆಂಟು ಆದದ್ದು."

ಅರುಣ ನಕ್ಕುಬಿಟ್ಟ. "ಅವ್ವಿ, ಕಾರ್ಡಿನಲ್ಲಿ ಬರ್ದದೆ ಕಾಣು."

"ಆ ತಾರೀಕು ನಿಂದಲ್ಲ ಮಗಾ. ನಿನ್ನ ಅಣ್ಣಂದು."

ಅರುಣನಿಗೆ ಅಣ್ಣನೊಬ್ಬ ಹುಟ್ಟಿ ತೀರಿಕೊಂಡಿದ್ದನೆಂಬುದು ಮನೆಯಲ್ಲಿ ಗುಟ್ಟೇನಲ್ಲ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ, ಅಷ್ಟೆ. ಹೊನ್ನಿ ಈಗ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಮೊದಲ ಮಗು ಕುಮಟಾದ ಆಸ್ಪತ್ರೆಯಲ್ಲಿ ಹುಟ್ಟಿತು. ಹನ್ನೆರಡನೇ ದಿನ ಜ್ವರ ಬಂದು ತೀರಿಕೊಂಡಿತು. ಅದು ಹೋಗಿ ತಿಂಗಳಾದ ಮೇಲೆ ಊರಿನ ದಾದಿ ಜನನ ಪತ್ರ ತಂದುಕೊಟ್ಟಳು. ಗಂಡು ಮಗು, ತಂದೆ ಸೋಮ, ತಾಯಿ ಹೊನ್ನಿ ಎಂದಿತ್ತು. ಹೆಸರಿನ ಜಾಗ ಖಾಲಿ. ಹರಿದು ಹಾಕಲು ಮನಸ್ಸು ಬಾರದೆ ಅವಳು ಅದನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಎರಡು ವರ್ಷ ಕಳೆದು ಅರುಣ ಹುಟ್ಟಿದ್ದು ಮನೆಯಲ್ಲೇ. ಹೊಳೆ ನೀರು ಗದ್ದೆಗೆ ಏರಿ ದಾರಿ ಮುಚ್ಚಿತ್ತು, ಸೋಮ ಲಾರಿಯೊಂದಿಗೆ ಘಟ್ಟದ ಆಚೆ ಸಿಕ್ಕಿಬಿದ್ದಿದ್ದ. ಸೋಮನ ದೊಡ್ಡಮ್ಮ ಗಂಗಿಯೇ ಹೆರಿಗೆ ಮಾಡಿಸಿದಳು. ಅದನ್ನು ಎಲ್ಲಾದರೂ ಬರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ನಿಂಗೆ ನಾಕು ತುಂಬಿದ ಮೇಲೆ ಶಾಲೆಗೆ ಹಾಕೂಕೆ ಹೋದಾಗ ಅಕ್ಕೋರು ಕಾಗದ ಕೇಳಿದ್ರು. ಇಲ್ದಿದ್ರೆ ಕೋರ್ಟಿಗೆ ಹೋಗ್ಬೇಕು ಅಂದ್ರು. ನಂಗೆ ಕೋರ್ಟು ಎಲ್ಲದೆ ಅಂತ್ಲೂ ಗೊತ್ತಿರ್ಲಿಲ್ಲ. ಮನೇಲಿ ಒಂದು ಕಾಗದ ಇತ್ತು, ಅದನ್ನೇ ಕೊಟ್ಟೆ. ಅಕ್ಕೋರು ಖಾಲಿ ಜಾಗದಲ್ಲಿ ಅರುಣ ಅಂತ ಬರಿಸ್ಕಂಡು ಬಾ ಅಂದ್ರು, ಬರಿಸ್ಕಂಡು ಬಂದೆ."

ಅರುಣನಿಗೆ ತಾನು ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದದ್ದು ನೆನಪಾಯಿತು. ತರಗತಿಗೆಲ್ಲ ಅವನೇ ಗಿಡ್ಡ. ಏಳನೇ ತರಗತಿಯವರೆಗೂ ಅವನನ್ನು ಕಬಡ್ಡಿಗೆ ಯಾರೂ ಸೇರಿಸಿಕೊಂಡಿರಲಿಲ್ಲ.

ಸೋಮ ತಲೆ ತಗ್ಗಿಸಿ ಕೂತಿದ್ದ. ಮಗ ಹುಟ್ಟಿದ್ದು ದೊಡ್ಡ ಮಳೆಯಲ್ಲಿ ಎಂಬುದು ಅವನಿಗೆ ಗೊತ್ತಿತ್ತು, ಯಾವ ಇಸವಿ ಎಂದು ಯಾರೂ ಕೇಳಿರಲಿಲ್ಲ. ಶಾಲೆಯವರು ಬರೆದದ್ದೇ ವಯಸ್ಸು ಎಂದುಕೊಂಡಿದ್ದ.

"ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?" ಅರುಣ ಎದ್ದು ನಿಂತಿದ್ದ. "ಜೀಪಿನ ಲೈಸೆನ್ಸ್ ಮಾಡಿಸ್ದಾಗ ಎಂತಕ್ಕೆ ಸುಮ್ನಿದ್ದೆ?"

"ಹೆದ್ರಿಕೆ ಆತು. ಸುಳ್ಳು ಕಾಗದ ಕೊಟ್ಟದ್ದು ಅಂತ ನಿನ್ನ ಶಾಲೆದು ಎಲ್ಲ ಹೋದ್ರೆ ಅಂತ. ಈಗ ಅದ್ಕಿಂತ ದೊಡ್ಡ ಹೆದ್ರಿಕೆ ಆತದೆ."

"ಕಾಗದ ಯಾರದ್ದಾದ್ರೂ ಆಗ್ಲಿ, ಟೆಸ್ಟ್ ಪಾಸ್ ಮಾಡ್ದಂವ ನಾನು. ನಾಳೆ ನಾ ಹೋಗ್ತೆ."

ಹೊನ್ನಿ ಗಂಡನ ಕಡೆ ನೋಡಿದಳು. ಸೋಮ ಜಗಲಿಯಿಂದ ಎದ್ದು, "ಹೋಗ್ಲಿ. ನಾ ಪಕ್ಕದಲ್ಲೇ ಇರ್ತೆ" ಅಂದ.

ಸೋಮವಾರ ಹತ್ತು ಗಂಟೆಗೆ ತೆಂಗಿನಗುಂಡಿಯಲ್ಲಿ ಬಂಗಡೆ, ತೋರಿ ಮೀನಿನ ಪೆಟ್ಟಿಗೆಗಳು ತುಂಬಿದವು. ಅರುಣ ಗಾಡಿ ತೆಗೆದ. ಅವನ ಕೈ ಚೆನ್ನಾಗಿತ್ತು. ಗೇರ್ ಬದಲಿಸುವಾಗ ಸದ್ದಿಲ್ಲ, ಭಟ್ಕಳ ಪೇಟೆಯ ಇಕ್ಕಟ್ಟಿನಲ್ಲಿ ಒಂದು ಸಲವೂ ಗಾಡಿ ಜಗ್ಗಲಿಲ್ಲ. ಇಂಥ ಕೈ ತನ್ನದೂ ಅಲ್ಲ ಎಂದು ಸೋಮನಿಗೆ ಅನಿಸಿತು. ಮಂಕಿ ದಾಟುವವರೆಗೆ ಅವನು ಹೊನ್ನಿಯ ಮಾತನ್ನು ಅರ್ಧ ಮರೆತೇಬಿಟ್ಟಿದ್ದ.

ಹೊನ್ನಾವರಕ್ಕೆ ಮೊದಲು ಸಿಗುವ ಕಾಸರಕೋಡಿನ ಹತ್ತಿರ ಹೆದ್ದಾರಿ ಕೆಲಸ ನಡೆದಿತ್ತು. ಹೋಗುವ ಬರುವ ವಾಹನಗಳನ್ನು ಒಂದೇ ಬದಿಗೆ ಬಿಟ್ಟಿದ್ದರು. ಮುಂದೆ ಒಂದು ಬಸ್ಸು ನಿಂತು ಜನ ಇಳಿಸುತ್ತಿತ್ತು. ಎದುರಿನಿಂದ ಟ್ಯಾಂಕರ್ ಒಂದು ಬರುತ್ತಿತ್ತು. ಅಷ್ಟರಲ್ಲಿ ಬಸ್ಸಿನ ಹಿಂದಿದ್ದ ರಿಕ್ಷಾ ತಟಕ್ಕನೆ ಬಲಕ್ಕೆ ಹೊರಳಿತು. ಸೋಮನ ಬಲಗಾಲು ಬ್ರೇಕಿಲ್ಲದ ಬರಿ ನೆಲವನ್ನು ಒತ್ತಿತು. ಅರುಣ ಬ್ರೇಕ್ ಹಾಕಲಿಲ್ಲ. ಎಕ್ಸಿಲೇಟರ್ ತುಳಿದ. ರಿಕ್ಷಾವನ್ನೂ ಬಸ್ಸನ್ನೂ ಸವರಿಕೊಂಡು ಮುಂದಕ್ಕೆ ಹಾರಿ, ಟ್ಯಾಂಕರ್ ಮೈಮೇಲೆ ಬರುವ ಮೊದಲು ಎಡಕ್ಕೆ ಸೇರಿಕೊಂಡ. ಟ್ಯಾಂಕರಿನವನ ಹಾರ್ನ್ ಬಹಳ ದೂರದವರೆಗೂ ಕೇಳುತ್ತಿತ್ತು. ಬಸ್ಸಿನಿಂದ ಇಳಿದು ರಸ್ತೆ ದಾಟಲು ನಿಂತಿದ್ದ ಹೆಂಗಸೊಬ್ಬಳು ಮಗುವನ್ನು ಎದೆಗೆ ಎಳೆದುಕೊಂಡದ್ದನ್ನು ಸೋಮ ಕನ್ನಡಿಯಲ್ಲಿ ಕಂಡ.

"ಅಪ್ಪಾ, ಕಂಡ್ಯಾ? ಹೆಂಗೆ ತೆಗ್ದೆ!" ಅರುಣ ನಗುತ್ತಿದ್ದ. ಮುಖ ಅರಳಿತ್ತು.

ಸೋಮ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಶರಾವತಿ ಸೇತುವೆ ದಾಟಿತು, ಹೊನ್ನಾವರ ದಾಟಿತು. ಕುಮಟಾದಲ್ಲಿ ಅರ್ಧ ಮೀನು ಇಳಿಸಬೇಕಿತ್ತು. ಹಮಾಲರು ಪೆಟ್ಟಿಗೆ ಇಳಿಸುತ್ತಿದ್ದಾಗ ಸೋಮ ಮಗನನ್ನು ಗಾಡಿಯ ನೆರಳಿಗೆ ಕರೆದ.

"ಕಾಸರಕೋಡಿನಲ್ಲಿ ನಿಂಗೆ ಹೆದ್ರಿಕೆ ಆಯ್ತಾ?"

"ಇಲ್ಲ. ಎಂತಕ್ಕೆ?"

"ಒಂಚೂರೂ?"

"ಇಲ್ಲಪಾ. ಗ್ಯಾಪು ಇತ್ತು, ತೆಗ್ದೆ. ಎಂತ ಆಗ್ಲಿಲ್ಲ ಅಲ್ಲಾ?"

"ನಂಗೆ ಆತು. ಬ್ರೇಕ್ ಇಲ್ದ ಕಡೆ ಕಾಲು ಒತ್ತಿ ಕೂತಿದ್ದೆ." ಸೋಮ ಹಮಾಲರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಇನ್ನೊಂದು ಮಾತು ಹೇಳ್ತೆ. ಇದು ನಿನ್ನ ಅವ್ವಿಗೂ ಗೊತ್ತಿಲ್ಲ. ಕುಪ್ಪನ ಕಾಲು ಹೋದದ್ದು ಹೆಂಗೆ?"

"ದೇವಿಮನೆ ಘಟ್ಟದಲ್ಲಿ ಬ್ರೇಕ್ ಫೇಲ್ ಆಗಿ. ಅದು ಊರಿಗೇ ಗೊತ್ತದೆ."

"ಬ್ರೇಕ್ ಸರಿ ಇತ್ತು."

ಅರುಣ ಅಪ್ಪನ ಮುಖ ನೋಡಿದ.

"ನಂಗೆ ಆಗ ಹದಿನೆಂಟು. ಲೈಸೆನ್ಸ್ ಇಲ್ಲ, ಎಂತ ಇಲ್ಲ. ಚಿರೇಕಲ್ಲಿನ ಲೋಡು, ನಾನೂ ಕುಪ್ಪನೂ ಕ್ಲೀನರ್. ಡ್ರೈವರಂಗೆ ಮೈ ಹುಷಾರಿರ್ಲಿಲ್ಲ, ನೀ ಒಂದು ನಾಕು ಮೈಲಿ ಹಿಡಿ ಅಂದು ಹಿಂದೆ ಮಲ್ಗಿದ. ನನ್ನ ಕೈ ಚೊಲೋ ಇತ್ತು, ನಿನ್ನ ಹಂಗೇ. ಎರಡು ತಿರುವು ಹಾರ್ಸಿದೆ. ಮೂರನೇದ್ರಲ್ಲೂ ಬ್ರೇಕ್ ಹಾಕ್ಲಿಲ್ಲ, ಹಾಕ್ಬೇಕು ಅಂತ ಅನಿಸ್ಲೇ ಇಲ್ಲ. ಎಡಬದಿ ಹೋಗಿ ದರೆಗೆ ಹೊಡೀತು. ಕುಪ್ಪ ಎಡಬದಿಯ ಬಾಗಿಲಲ್ಲಿ ನಿಂತಿದ್ದ." ಸೋಮ ಬಾಯಿ ಒರೆಸಿಕೊಂಡ. "ಬ್ರೇಕ್ ಫೇಲ್ ಅಂದೆ. ಕುಪ್ಪಂಗೆ ಗೊತ್ತಿತ್ತು, ಅಂವ ನನ್ನ ಕಾಲು ಪೆಡಲ್ ಮೇಲೆ ಇಲ್ಲದ್ದು ಕಂಡಿದ್ದ. ಮೂವತ್ತು ವರ್ಷ ಆತು, ಒಬ್ಬರ ಹತ್ರಾನೂ ಹೇಳ್ಲಿಲ್ಲ ಅಂವ."

ಹಮಾಲರು ಕೊನೆಯ ಪೆಟ್ಟಿಗೆ ಇಳಿಸಿ ಬಾಗಿಲು ಬಡಿದರು. ಸೋಮ ಮುಂದುವರಿದು ಹೇಳಿದ, "ಕಾಗದ ನಿನ್ನ ಕಡೆ ಅದೆ ಮಗಾ. ಪೊಲೀಸರು ಕೇಳೂದಿಲ್ಲ, ಒಡೆಯರೂ ಕೇಳೂದಿಲ್ಲ. ನಾನೂ ನಿನ್ನ ಕೈ ಹಿಡಿಯೂದಿಲ್ಲ. ನೀನೇ ಹೇಳು."

ಅರುಣ ಬೀಗದಕೈಯನ್ನು ಸೀಟಿನ ಮೇಲೆ ಎಸೆದು, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಸೋಮ ಒಂದೂವರೆ ಕಣ್ಣಿನಲ್ಲಿ ಕಾರವಾರದವರೆಗೆ ತಾನೇ ಲಾರಿ ಓಡಿಸಿದ.

ಅರುಣ ಮಿರ್ಜಾನ ಕ್ರಾಸಿನಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ಕುಪ್ಪನ ಅಂಗಡಿಯ ಎದುರು ಬಂದು ನಿಂತ. ಕುಪ್ಪ ಮಣೆಯ ಮೇಲೆ ಕೂತು, ಆಗದ ಕಾಲನ್ನು ಪಕ್ಕಕ್ಕೆ ಚಾಚಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ.

"ಎಂತ ತಮಾ, ಇವತ್ತು ಲೋಡಿಲ್ಲನಾ?"

"ಚಿಕ್ಕಪ್ಪಾ, ಅಪ್ಪನ ಮೇಲೆ ನಿಂಗೆ ಸಿಟ್ಟಿಲ್ಲನಾ?"

ಕುಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ. "ಹೇಳಿದ್ನಾ ಅಂವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಇತ್ತು. ಸುಮಾರು ವರ್ಷ ಇತ್ತು. ನಂಗೂ ಆಗ ಹತ್ತೊಂಬತ್ತು ತಮಾ. ಜೋರು ಬಿಡು, ಜೋರು ಬಿಡು ಅಂತ ಕೂಗ್ತಾ ಇದ್ದಂವ ನಾನೇ" ಅಂದ.

ಮರುದಿನ ಬೆಳಿಗ್ಗೆ ಅರುಣ ಒಬ್ಬನೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗಿ ರಮಾನಂದರ ಮುಂದೆ ನಿಂತ. ತನಗೆ ಹದಿನೆಂಟು, ಇನ್ನು ಇಪ್ಪತ್ತು ತಿಂಗಳು ಬೇಕು, ಅಲ್ಲಿಯವರೆಗೆ ಓಡಿಸುವುದಿಲ್ಲ ಎಂದ. ರಮಾನಂದರಿಗೆ ಮೊದಲು ತಮಾಷೆ ಅನಿಸಿತು, ಆಮೇಲೆ ಕಿರಿಕಿರಿಯಾಯಿತು.

"ಲೈಸೆನ್ಸ್ ಕೈಯಲ್ಲಿಟ್ಕಂಡು ಹೀಂಗೆ ಹೇಳೂವವ್ರನ್ನ ನಾ ಇವತ್ತೇ ಕಂಡದ್ದು. ಇಪ್ಪತ್ತು ತಿಂಗಳು ಗಾಡಿ ನಿಲ್ಸಿಡೂಕೆ ಆಗ್ತದನಾ?"

"ಆಗೂದಿಲ್ಲ ಒಡೆಯಾ. ಬೇರೆಯವ್ರಿಗೆ ಕೊಡಿ."

ಅವರು ಕೊಟ್ಟರು. ವಾರದೊಳಗೆ ಅಂಕೋಲೆಯ ಒಬ್ಬ ಡ್ರೈವರ್ ಬಂದ. ಸೋಮ ಮನೆಯಲ್ಲಿ ಕೂತ. ಅರುಣನಿಗೆ ತೆಂಗಿನಗುಂಡಿಯ ಐಸ್ ಫ್ಯಾಕ್ಟರಿಯಲ್ಲಿ ಐಸು ಒಡೆದು ತುಂಬುವ ಕೆಲಸ ಸಿಕ್ಕಿತು. ಅಪ್ಪ ಓಡಿಸುತ್ತಿದ್ದ ಲಾರಿಗೇ ದಿನಾ ಐಸು ತುಂಬಬೇಕಿತ್ತು. ಸಂಜೆಗೆ ಬೆರಳುಗಳು ಸೆಟೆದು ಅನ್ನ ಕಲಸಲು ಬರುತ್ತಿರಲಿಲ್ಲ. ಕಾರ್ಡು ನೋಡಿರದ ಹಳೆಯ ಕ್ಲಾಸಿನವರು ಕೇಳಿದರೆ, ಟೆಸ್ಟಿನಲ್ಲಿ ಫೇಲಾದೆ ಎಂದು ಸುಳ್ಳು ಹೇಳುತ್ತಿದ್ದ.

ಅವನು ಓಡಿಸುವುದಿಲ್ಲ ಎಂದು ಹೇಳಿ ಬಂದಿದ್ದು ನಿಜ, ಅವ್ವಿಯ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಅವಳು ಬಡಿಸಿದ್ದನ್ನು ಉಂಡು ಎದ್ದು ಹೋಗುವುದು, ಕೇಳಿದ್ದಕ್ಕೆ ಹೂಂ ಅನ್ನುವುದು, ಅಷ್ಟೇ. ಹೊನ್ನಿ ಅದನ್ನು ಸಹಿಸಿಕೊಂಡಳು. ಸೋಮ ನಡುವೆ ಬಾಯಿ ಹಾಕಲು ಹೋದರೆ, "ಇರ್ಲಿ, ಅಂವಂಗೆ ಸಿಟ್ಟು ಮಾಡೂಕೆ ಹಕ್ಕದೆ" ಅನ್ನುತ್ತಿದ್ದಳು.

ಮುಂದಿನ ಬೇಸಗೆಯಲ್ಲಿ, ಒಂದು ರಜೆಯ ದಿನ, ಅವಳು ಹಿತ್ತಿಲಲ್ಲಿ ಹರಿವೆ ಮಡಿಗೆ ನೀರು ಬಿಡುತ್ತಿದ್ದಾಗ ಅರುಣ ಬಂದು ಕೊಡ ಇಸಿದುಕೊಂಡ. ಎರಡು ಸಾಲು ನೀರು ಹಾಕಿದ ಮೇಲೆ ಕೇಳಿದ.

"ಅವ್ವಿ, ಅಂವ ಹೆಂಗಿದ್ದ?"

ಯಾರು ಎಂದು ಹೊನ್ನಿ ಕೇಳಲಿಲ್ಲ.

"ತಲೆ ತುಂಬ ಕೂದಲಿತ್ತು" ಅಂದಳು. "ನಿಂದು ಹುಟ್ಟಿದಾಗ ಬರಿ ಬೋಳು. ಅಂವಂಗೆ ಹುಬ್ಬೂ ಇತ್ತು. ಕಿವಿ ಒಂದು ಒಳಗೆ ಮಡಚಿತ್ತು. ಅಳೂದು ಕಮ್ಮಿ. ಮುಷ್ಟಿ ಕಟ್ಕಂಡು ಮಲಗ್ತಿದ್ದ, ಬಿಡಿಸಿದ್ರೆ ಮತ್ತೆ ಕಟ್ಕಂತಿದ್ದ." ಅವಳು ಹರಿವೆಯ ಬುಡಕ್ಕೆ ಮಣ್ಣು ಎಳೆದಳು. "ಹೆಸರು ಇಡೂಕೆ ಮುಂಚೆನೇ ಹೋದ. ಇಪ್ಪತ್ತು ವರ್ಷದ ಮೇಲಾತು, ಇವತ್ತಿನವರೆಗೆ ಒಬ್ಬರೂ ಕೇಳ್ಲಿಲ್ಲ ಅಂವ ಹೆಂಗಿದ್ದ ಅಂತ."

ಅರುಣ ಕೊಡ ಕೆಳಗಿಟ್ಟ. ಅವನನ್ನು ಎಲ್ಲಿ ಮಣ್ಣು ಮಾಡಿದ್ದು ಎಂದು ಕೇಳಿದ. ಗದ್ದೆಯ ಆಚೆ ಮುರುಗಲ ಮರದ ಬುಡದಲ್ಲಿ ಎಂದಳು. ಇಬ್ಬರೂ ಹೋಗಿ ನೋಡಿ ಬಂದರು. ಅಲ್ಲಿ ಗುರುತು ಎಂದು ಏನೂ ಇರಲಿಲ್ಲ. ಮುರುಗಲ ಹಣ್ಣು ಉದುರಿ ನೆಲ ಕೆಂಪಾಗಿತ್ತು. ಹೊನ್ನಿ ಸೆರಗಿಗೆ ನಾಲ್ಕು ಆರಿಸಿಕೊಂಡಳು. ಆ ರಾತ್ರಿ ಊಟಕ್ಕೆ ಆ ಹುಳಿ ಹಣ್ಣಿನದೇ ಸಾರು ಮಾಡಿದಳು, ಅರುಣ ಎರಡು ಸಲ ಬಡಿಸಿಕೊಂಡ.

ದಾಖಲೆ ಸರಿಮಾಡಿಸಬಹುದೇ ಎಂದು ಸೋಮ ಕುಮಟಾದ ಒಬ್ಬ ವಕೀಲರನ್ನು ವಿಚಾರಿಸಿದ. ಸಾಕ್ಷಿ ಹೇಳಬೇಕಾದ ಗಂಗಿ ತೀರಿಕೊಂಡು ಆರು ವರ್ಷವಾಗಿತ್ತು. ವಕೀಲರು, ನೋಡೋಣ, ಬಹಳ ಓಡಾಟವಾಗುತ್ತದೆ ಅಂದರು. ಆ ಮಾತು ಅಲ್ಲಿಗೇ ನಿಂತಿದೆ.

ಎರಡು ಸಾವಿರದ ಇಪ್ಪತ್ತೈದರ ಜುಲೈನಲ್ಲಿ ಅರುಣನಿಗೆ ನಿಜವಾಗಿ ಇಪ್ಪತ್ತು ತುಂಬಿತು. ರಮಾನಂದರ ಹತ್ತಿರ ಆಗ ಜಾಗವಿರಲಿಲ್ಲ. ಅಂಕೋಲೆಯವನು ಚೆನ್ನಾಗಿ ದುಡಿಯುತ್ತಿದ್ದ, ಅವನನ್ನು ತೆಗೆಯಿರಿ ಎಂದು ಕೇಳುವ ಮನಸ್ಸು ಅರುಣನಿಗೂ ಇರಲಿಲ್ಲ. ರಮಾನಂದರೇ ಕುಮಟಾದಲ್ಲಿ ಹಿಂಡಿ ವ್ಯಾಪಾರ ಮಾಡುವ ತಮ್ಮ ಗುರುತಿನವರಿಗೆ ಫೋನ್ ಮಾಡಿ, "ಹುಡುಗ ಒಂದು ನಮೂನೆ ಅದಾನೆ, ಆದ್ರೆ ನಂಬಬಹುದು" ಎಂದರು. ದನದ ಹಿಂಡಿ ಮೂಟೆಗಳನ್ನು ತಾಲೂಕಿನ ಅಂಗಡಿಗಳಿಗೆ ಮುಟ್ಟಿಸುವ ಕೆಲಸ. ಸಂಬಳ ಮೀನಿನ ಲಾರಿಗಿಂತ ಕಡಿಮೆ. ರಾತ್ರಿ ಓಡಾಟವಿಲ್ಲ.

ಮೂರನೆಯ ದಿನ ಅವನು ಮಿರ್ಜಾನದ ಅಂಗಡಿಗೆ ಮೂಟೆ ಇಳಿಸಿ ಕುಮಟಾಕ್ಕೆ ಹಿಂತಿರುಗುವಾಗ, ಕ್ರಾಸಿನಲ್ಲಿ ಹೊನ್ನಿ ಎರಡು ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಮಳೆ ಜಿನುಗುತ್ತಿತ್ತು. ಅರುಣ ಗಾಡಿ ಬದಿಗೆ ನಿಲ್ಲಿಸಿ ಎಡಗಡೆಯ ಬಾಗಿಲು ತೆಗೆದ.

"ಹತ್ತು ಅವ್ವಿ."

"ನಾನಾ? ಇದ್ರಲ್ಲಾ?" ಇಪ್ಪತ್ತೈದು ವರ್ಷ ಲಾರಿ ಡ್ರೈವರನ ಹೆಂಡತಿಯಾಗಿದ್ದರೂ ಅವಳು ಒಮ್ಮೆಯೂ ಲಾರಿಯೊಳಗೆ ಕೂತವಳಲ್ಲ. ಕುಪ್ಪ ಅಂಗಡಿಯಿಂದ ಎದ್ದು ಬಂದು ಬುಟ್ಟಿಗಳನ್ನು ಎತ್ತಿಕೊಟ್ಟ. ಅವಳು ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಎಲ್ಲಿ ಕಾಲಿಡುವುದು, ಎಲ್ಲಿ ಹಿಡಿಯುವುದು ಎಂದು ಎರಡು ಸಲ ಕೇಳಿ ಹತ್ತಿದಳು. ಕೂತ ಮೇಲೆ ಸುತ್ತ ನೋಡಿ, "ಎಲ್ಲಾ ಸಣ್ಣ ಕಾಣ್ತದೆ ಇಲ್ಲಿಂದ" ಅಂದಳು.

ಅರುಣ ನಿಧಾನವಾಗಿ ಹೊರಟ. ದಾರಿಯಲ್ಲಿ ಅವಳು ಮೊಗೆಕಾಯಿಗೆ ಈ ಸಲ ಒಳ್ಳೆ ದರ ಬಂದದ್ದು, ಪಕ್ಕದ ಮನೆಯವರ ಆಕಳು ಕರು ಹಾಕಿದ್ದು ಎಲ್ಲ ಹೇಳಿದಳು. ಕುಮಟಾ ಪೇಟೆ ಬಂದಾಗ ಅವನು ಸಂತೆಯ ಬಾಯಲ್ಲೇ ನಿಲ್ಲಿಸಿದ. ಅವಳಿಗಿಂತ ಮೊದಲು ಬಂದು ಕೂತಿದ್ದ ತರಕಾರಿಯ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. ಹೊನ್ನಿ ಅವಸರ ಮಾಡದೆ ಇಳಿದಳು. ಬುಟ್ಟಿಗಳನ್ನು ಇಸಿದುಕೊಂಡು, ಬಾಗಿಲು ಹಾಕುವ ಮೊದಲು ಹೇಳಿದಳು.

"ಸಂಜೆ ಬರೂವಾಗ ಅಪ್ಪನ ಮಾತ್ರೆ ತಕಂಡು ಬಾ. ಮರೀಬೇಡ."

"ಆತು" ಅಂದ ಅರುಣ.